ರೋಗಿಯ ಮಾತು, ವೈದ್ಯನ ಪಾಠ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆ ಕಾಲೇಜುಗಳಿಗೆ ಹೋದಾಗಲೆಲ್ಲ ನನಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. "ಸರ್, ನಾವು ಹಳ್ಳಿಯವರು. ಕನ್ನಡ ಮಾಧ್ಯಮದಾಗ ಓದಿದವರು. ನಾವು ಡಾಕ್ಟರ್ ಆಗಬಹುದೇನ್ರಿ?" ಹೀಗೆ ಕೇಳುವವರು ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಕೇಳುವಾಗ ತಲೆ ತಗ್ಗಿಸಿರುತ್ತಾರೆ, ತಮ್ಮ ಭಾಷೆಯೇ ತಮ್ಮದೊಂದು ಕೊರತೆ ಎಂಬಂತೆ.

ಈ ಪ್ರಶ್ನೆಗೆ "ಆಗಬಹುದು" ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಗಿಸಬಹುದು. ಆದರೆ ಅದು ಪೂರ್ತಿ ಉತ್ತರವಾಗುವುದಿಲ್ಲ. ವೈದ್ಯವಿದ್ಯೆಯನ್ನು ಕಲಿಸುವ ಶಾಲೆಗಳು ನಮ್ಮ ಭಾಗಕ್ಕೆ ಹೇಗೆ ಬಂದವು, ಅಲ್ಲಿ ಯಾವ ಭಾಷೆಯಲ್ಲಿ ಪಾಠ ನಡೆಯಿತು, ನಿಜವಾದ ಪಾಠ ಎಲ್ಲಿ ನಡೆಯುತ್ತದೆ ಎಂಬುದನ್ನು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಇಂದಿನ ಭಾಷಣದಲ್ಲಿ ಆ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಈ ಕಥೆ ಪ್ರಾರಂಭವಾಗುವುದು ಹೈದರಾಬಾದಿನಲ್ಲಿ. ಕಲಬುರಗಿಯ ಕಥೆ ಹೈದರಾಬಾದಿನಲ್ಲಿ ಏಕೆ ಪ್ರಾರಂಭವಾಗಬೇಕು ಎಂದು ನೀವು ಕೇಳಬಹುದು. 1948ರವರೆಗೆ ನಮ್ಮ ಈ ಮೂರೂ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಕಾಲದಲ್ಲಿ ನಮ್ಮ ಕಡೆಯ ಯುವಕನಿಗೆ ಪಾಶ್ಚಾತ್ಯ ವೈದ್ಯವನ್ನು ಕಲಿಯುವ ಆಸೆಯಾದರೆ, ಸಂಸ್ಥಾನದೊಳಗೆ ಅವನಿಗಿದ್ದ ದಾರಿ ರಾಜಧಾನಿಯ ದಾರಿಯೇ.

ಭಾರತದಲ್ಲಿ ಆಧುನಿಕ ವೈದ್ಯಕೀಯ ಕಾಲೇಜುಗಳು ಹುಟ್ಟಿದ್ದು 1835ರಲ್ಲಿ. ಆ ವರ್ಷ ಕಲ್ಕತ್ತಾ ಮತ್ತು ಮದ್ರಾಸುಗಳಲ್ಲಿ ಅವು ತೆರೆದವು. ಮಾರನೆಯ ವರ್ಷ, 1836ರಲ್ಲಿ, ಕಲ್ಕತ್ತೆಯಲ್ಲಿ ಪಂಡಿತ ಮಧುಸೂದನ ಗುಪ್ತ ಎಂಬ ಆಯುರ್ವೇದ ವಿದ್ವಾಂಸರು ಮನುಷ್ಯನ ಶವವನ್ನು ಛೇದಿಸಿ ಅಭ್ಯಾಸ ಮಾಡಿದರು. ಹೆಣ ಮುಟ್ಟಿದರೆ ಮೈಲಿಗೆ ಎಂದು ಎಲ್ಲರೂ ನಂಬಿದ್ದ ಕಾಲವದು. ಅಂಥ ಕಾಲದಲ್ಲಿ ಅವರು ತೋರಿದ ಧೈರ್ಯ ಸಣ್ಣದಲ್ಲ. 1845ರಲ್ಲಿ ಬೊಂಬಾಯಿಯಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಅದರ ಮರುವರ್ಷ, 1846ರಲ್ಲಿ, ಹೈದರಾಬಾದ್ ವೈದ್ಯಕೀಯ ಶಾಲೆ ಹುಟ್ಟಿತು. ಇಂದಿನ ಉಸ್ಮಾನಿಯಾ ವೈದ್ಯಕೀಯ ಕಾಲೇಜಿನ ಮೂಲ ಇದೇ ಶಾಲೆ.

ಆಗ ಸಿಂಹಾಸನದಲ್ಲಿದ್ದವರು ನಾಲ್ಕನೆಯ ನಿಜಾಮ ನಾಸಿರುದ್ದೌಲ. ಬ್ರಿಟಿಷ್ ರೆಸಿಡೆಂಟರಾಗಿದ್ದವರು ಜನರಲ್ ಫ್ರೇಸರ್. ಶಾಲೆಯನ್ನು ನಡೆಸಿದವರು ರೆಸಿಡೆನ್ಸಿಯ ವೈದ್ಯರಾದ ಡಾ. ಮ್ಯಾಕ್ಲೀನ್. ನಿಜಾಮರಿಗೆ ಸಕ್ಕರೆ ರೋಗವಿತ್ತೆಂದೂ ಡಾ. ಮ್ಯಾಕ್ಲೀನರು ಮುಖ್ಯವಾಗಿ ಪಥ್ಯದಿಂದಲೇ ಅದನ್ನು ಹತೋಟಿಗೆ ತಂದರೆಂದೂ, ಆ ಮೆಚ್ಚುಗೆಯಿಂದಲೇ ಶಾಲೆಗೆ ಒಪ್ಪಿಗೆ ದೊರೆಯಿತೆಂದೂ ಹೇಳುವ ವಾಡಿಕೆಯಿದೆ.

ಈ ಶಾಲೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅಲ್ಲಿ ಕಲಿಸುತ್ತಿದ್ದುದು ಯೂರೋಪಿನ ವೈದ್ಯ. ಕಲಿಸುತ್ತಿದ್ದ ಭಾಷೆ ಮಾತ್ರ ಉರ್ದು. ಬ್ರಿಟಿಷ್ ವೈದ್ಯರು ಉರ್ದು ಕಲಿತು ಶರೀರದ ಎಲುಬು, ನರ, ರಕ್ತನಾಳಗಳ ಪಾಠ ಹೇಳಿದರು. ಮ್ಯಾಕ್ಲೀನರ ನಂತರ ಬಂದ ಡಾ. ಜಾರ್ಜ್ ಸ್ಮಿತ್ ಅವರು 1850ರ ದಶಕದಲ್ಲಿ ಉರ್ದುವಿನಲ್ಲಿ ಒಂದು ವೈದ್ಯಕೀಯ ಪತ್ರಿಕೆಯನ್ನೇ ಹೊರಡಿಸಿದರು. ವೈದ್ಯವಿಜ್ಞಾನವನ್ನು ಇಂಗ್ಲಿಷ್ ಒಂದರಲ್ಲೇ ಹೇಳಲು ಸಾಧ್ಯ ಎಂದು ಇಂದು ನಂಬುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಇನ್ನು ನಮ್ಮ ತಾಲ್ಲೂಕಿನ ಹುಡುಗನನ್ನು ಕಲ್ಪಿಸಿಕೊಳ್ಳಿ. ಅವನ ಮನೆಯಲ್ಲಿ ಕನ್ನಡ. ಆಳಂದದ ಕಡೆಯವನಾದರೆ ಸಂತೆಯಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ. ಕಚೇರಿಯಲ್ಲಿ ಮೊದಲು ಫಾರ್ಸಿ, ನಂತರ ಉರ್ದು. ಜೇವರ್ಗಿಯವನಾದರೆ ಮಳೆಗಾಲದಲ್ಲಿ ತುಂಬಿದ ಭೀಮೆಯನ್ನು ಹರಿಗೋಲಿನಲ್ಲಿ ದಾಟಿ ಕಲಬುರಗಿಗೆ ಬರಬೇಕು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗವಾದ ಮೇಲೆ ರಾಜಧಾನಿಯ ಪಯಣ ಸುಲಭವಾಯಿತು. ಅದಕ್ಕೆ ಮೊದಲು ಗಾಡಿಯಲ್ಲಿ ದಿನಗಟ್ಟಲೆ ಹೋಗಬೇಕಿತ್ತು. ಇಷ್ಟು ದೂರ ಹೋಗಿ, ತನ್ನ ಮನೆಮಾತಲ್ಲದ ಭಾಷೆಯಲ್ಲಿ ಕಲಿಯುವ ಅನುಕೂಲ ಎಷ್ಟು ಮನೆತನಗಳಿಗೆ ಇದ್ದೀತು? ಹಳ್ಳಿಯ ಜನ ಜ್ವರ ಬಂದರೆ ಹಕೀಮರ ಬಳಿಗೋ ವೈದ್ಯರ ಬಳಿಗೋ ಹೋಗುತ್ತಿದ್ದರು. ಹೆರಿಗೆಗೆ ಸೂಲಗಿತ್ತಿ ಇದ್ದಳು. ಎಲುಬು ಮುರಿದರೆ ಕಟ್ಟು ಕಟ್ಟುವವನಿದ್ದ. ಇವರಲ್ಲಿ ಅನುಭವ ಬಹಳವಿತ್ತು. ಆದರೆ ತಾಯಿಗೆ ರಕ್ತಸ್ರಾವ ನಿಲ್ಲದಿದ್ದರೆ, ಕರುಳು ಗಂಟು ಬಿದ್ದರೆ ಅವರ ಕೈಯಲ್ಲಿ ಉಪಾಯವಿರಲಿಲ್ಲ.

ಹೈದರಾಬಾದಿನ ಶಾಲೆಗೆ ಮತ್ತೆ ಬರೋಣ. 1880ರ ದಶಕದಲ್ಲಿ ಡಾ. ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯರು ಅದರ ಮುಖ್ಯಸ್ಥರಾದರು. ಅವರ ಕಾಲದಲ್ಲಿ ಪಾಠದ ಭಾಷೆ ಉರ್ದುವಿನಿಂದ ಇಂಗ್ಲಿಷಿಗೆ ಬದಲಾಯಿತು. ಅವರ ಕಾಲದಲ್ಲೇ ಹೈದರಾಬಾದಿನ ಹೆಸರು ಪ್ರಪಂಚದ ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಕಾರಣ ಕ್ಲೋರೋಫಾರಂ.

ಶಸ್ತ್ರಕ್ರಿಯೆಯ ಮೊದಲು ರೋಗಿಗೆ ಎಚ್ಚರ ತಪ್ಪಿಸಲು ಆಗ ಕ್ಲೋರೋಫಾರಂ ಕೊಡುತ್ತಿದ್ದರು. ಕೆಲವು ರೋಗಿಗಳು ಅದರಿಂದಲೇ ಸಾಯುತ್ತಿದ್ದರು. ಹಾಗೇಕೆ ಆಗುತ್ತದೆ? ಮೊದಲು ನಿಲ್ಲುವುದು ಉಸಿರೇ, ಹೃದಯವೇ? ಡಾ. ಲಾರಿಯವರ ದೃಢ ನಂಬಿಕೆ, ಮೊದಲು ನಿಲ್ಲುವುದು ಉಸಿರು ಎಂಬುದು. ಆದ್ದರಿಂದ ವೈದ್ಯನು ನಾಡಿಯ ಮೇಲಲ್ಲ, ಉಸಿರಾಟದ ಮೇಲೆ ಕಣ್ಣಿಡಬೇಕು ಎಂದು ಅವರು ಕಲಿಸುತ್ತಿದ್ದರು. ಇದನ್ನು ಪರೀಕ್ಷಿಸಲು 1888ರಲ್ಲಿ ಒಂದು ಆಯೋಗ, 1889ರಲ್ಲಿ ಎರಡನೆಯ ಆಯೋಗ ಹೈದರಾಬಾದಿನಲ್ಲಿ ನಡೆದವು. ನಿಜಾಮ ಸರ್ಕಾರ ಹಣ ಕೊಟ್ಟಿತು. ಎರಡನೆಯ ಆಯೋಗಕ್ಕೆ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯು ಡಾ. ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವಿಜ್ಞಾನಿಯನ್ನು ಕಳುಹಿಸಿಕೊಟ್ಟಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದವು. ಉಸಿರೇ ಮೊದಲು ನಿಲ್ಲುತ್ತದೆ ಎಂದು ಆಯೋಗ ತೀರ್ಮಾನಿಸಿತು.

ಆ ತೀರ್ಮಾನ ಪೂರ್ತಿ ಸರಿಯಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಸಂಶೋಧಕರು, ಕ್ಲೋರೋಫಾರಮಿನ ಅಮಲು ಹಗುರವಾಗಿರುವಾಗ ಹೃದಯವೇ ತಾಳ ತಪ್ಪಿ ಒಮ್ಮೆಲೇ ನಿಂತುಹೋಗಬಲ್ಲದು ಎಂದು ತೋರಿಸಿಕೊಟ್ಟರು. ಮಿತ್ರರೇ, ಇದರಲ್ಲಿ ನಮಗೊಂದು ಪಾಠವಿದೆ. ಗುರುಗಳು ಎಷ್ಟೇ ದೊಡ್ಡವರಾಗಿರಲಿ, ನಂಬಿಕೆ ಎಷ್ಟೇ ಗಟ್ಟಿಯಾಗಿರಲಿ, ರೋಗಿಯ ಶರೀರ ಏನು ಹೇಳುತ್ತದೆ ಎಂಬುದೇ ಕಡೆಯ ಮಾತು. ಉಸಿರನ್ನು ನೋಡು ಎಂಬ ಲಾರಿಯವರ ಮಾತು ಒಳ್ಳೆಯದೇ. ನಾಡಿಯನ್ನು ನೋಡಬೇಡ ಎಂಬುದು ತಪ್ಪು. ಇಂದು ಅರಿವಳಿಕೆ ತಜ್ಞರು ಎರಡನ್ನೂ ಎಡೆಬಿಡದೆ ನೋಡುತ್ತಾರೆ.

ಡಾ. ಲಾರಿಯವರ ಶಿಷ್ಯರಲ್ಲಿ ಹೆಣ್ಣುಮಕ್ಕಳೂ ಇದ್ದರು. ಅವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆಯ ಹೆಸರನ್ನು ನೀವು ತಿಳಿದಿರಬೇಕು. ಹೈದರಾಬಾದಿನಲ್ಲಿ ಕಲಿತು, ಅಲ್ಲಿಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕ್ಲೋರೋಫಾರಂ ಕೊಡುವ ಹೊಣೆ ಹೊತ್ತು, 1909ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಎಡಿನ್‌ಬರೋಗೆ ಹೋದವರು ಅವರು. ಪ್ರಪಂಚದ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರನ್ನು ಎಣಿಸುತ್ತಾರೆ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ ದಿನಗಳಲ್ಲಿ ನಮ್ಮದೇ ಸಂಸ್ಥಾನದಲ್ಲಿ ಇಂಥವರೊಬ್ಬರು ಇದ್ದರು.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿ ಮಾಡಿಕೊಂಡ ವಿಶ್ವವಿದ್ಯಾನಿಲಯವದು. ಆ ಭಾಷೆ ಉರ್ದು. ಪಠ್ಯಪುಸ್ತಕಗಳಿಗಾಗಿ ಭಾಷಾಂತರ ಇಲಾಖೆಯೊಂದನ್ನು ತೆರೆದು, ವಿಜ್ಞಾನದ ಪದಗಳನ್ನು ಅರಬ್ಬಿ ಮತ್ತು ಫಾರ್ಸಿಗಳ ಸಹಾಯದಿಂದ ಹೊಸದಾಗಿ ಕಟ್ಟಿದರು. 1920ರ ದಶಕದಲ್ಲಿ ಹಳೆಯ ವೈದ್ಯಕೀಯ ಶಾಲೆ ಈ ವಿಶ್ವವಿದ್ಯಾನಿಲಯದ ಕಾಲೇಜಾಗಿ ಬೆಳೆಯಿತು. ಎಂ.ಬಿ.ಬಿ.ಎಸ್. ಪಾಠಗಳು ಉರ್ದುವಿನಲ್ಲಿ ನಡೆದವು. 1948ರ ನಂತರ ಮತ್ತೆ ಇಂಗ್ಲಿಷ್ ಬಂತು.

ಈ ಪ್ರಯೋಗವನ್ನು ನಾವು ಹೇಗೆ ನೋಡಬೇಕು? ಒಂದು ಕಡೆ ಇದು ದೊಡ್ಡ ಸಾಧನೆ. ನಮ್ಮ ದೇಶದ ಭಾಷೆಯಲ್ಲಿ ಶರೀರಶಾಸ್ತ್ರವನ್ನೂ ಶಸ್ತ್ರಚಿಕಿತ್ಸೆಯನ್ನೂ ಕಲಿಸಬಹುದು ಎಂದು ಅದು ತೋರಿಸಿತು. ಇನ್ನೊಂದು ಕಡೆ, ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡ. ಅವರ ಪಾಲಿಗೆ ಉರ್ದುವೂ ಕಲಿತು ಪಡೆಯಬೇಕಾದ ಭಾಷೆಯೇ. ಎಂದರೆ, ನೂರು ವರ್ಷಗಳಲ್ಲಿ ಆ ಕಾಲೇಜಿನ ಭಾಷೆ ಉರ್ದುವಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಉರ್ದುವಿಗೆ, ಮತ್ತೆ ಇಂಗ್ಲಿಷಿಗೆ ಬದಲಾಯಿತು. ಆದರೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ್ದ ಅಫಜಲಪುರದ ರೈತನ ಭಾಷೆ ಮಾತ್ರ ಬದಲಾಗಲಿಲ್ಲ. ಅವನು ಕನ್ನಡದಲ್ಲೇ ನರಳಿದ.

1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಕನ್ನಡಿಗರ ರಾಜ್ಯವನ್ನು ಸೇರಿತು. ಹಳೆಯ ಮೈಸೂರಿನವರಿಗೆ ಆ ವೇಳೆಗೆ ತಮ್ಮದೇ ವೈದ್ಯಕೀಯ ಕಾಲೇಜು ಇತ್ತು. ಅದು 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ 1930ರಲ್ಲಿ ಮೈಸೂರಿಗೆ ಹೋಗಿತ್ತು. ಮಣಿಪಾಲದಲ್ಲಿ 1953ರಲ್ಲಿ, ಬೆಂಗಳೂರಿನಲ್ಲಿ 1955ರಲ್ಲಿ, ಹುಬ್ಬಳ್ಳಿಯಲ್ಲಿ 1957ರಲ್ಲಿ ಕಾಲೇಜುಗಳಾದವು. ನಮ್ಮ ಭಾಗದಲ್ಲಿ ಒಂದೂ ಇರಲಿಲ್ಲ. ರಾಜಧಾನಿಯಾಗಿದ್ದ ಹೈದರಾಬಾದು ಈಗ ಬೇರೆ ರಾಜ್ಯದ ಊರಾಗಿತ್ತು. ಹೊಸ ರಾಜಧಾನಿ ಬೆಂಗಳೂರು ಅದಕ್ಕಿಂತ ಬಹಳ ದೂರ.

ಈ ಕೊರತೆಯನ್ನು ಕಂಡು ದುಡಿದವರು ಮಹಾದೇವಪ್ಪ ರಾಂಪುರೆಯವರು. ಅವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ಎಂಜಿನಿಯರಿಂಗ್ ಕಾಲೇಜು ಬಂತು. 1963ರಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಇಂದು ಅದು ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಎಂದು ಅವರ ಹೆಸರಿನಲ್ಲೇ ಇದೆ. ಜನ ಎಂ.ಆರ್.ಎಂ.ಸಿ. ಎನ್ನುತ್ತಾರೆ. ಮೊದಲು ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದಕ್ಕೆ ಸೇರಿತು. 1996ರಲ್ಲಿ ರಾಜ್ಯದ ವೈದ್ಯಕೀಯ ಕಾಲೇಜುಗಳಿಗಾಗಿಯೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಂದಿನಿಂದ ಪದವಿ ಅದರದು. ಇಂದು ಕಲಬುರಗಿ ನಗರದಲ್ಲಿ ಸರ್ಕಾರದ ಜಿಮ್ಸ್ ಕಾಲೇಜು, ಇ.ಎಸ್.ಐ. ಕಾಲೇಜು, ಖಾಜಾ ಬಂದಾನವಾಜ್ ಹೆಸರಿನ ಕಾಲೇಜು ಸಹ ಇವೆ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಅಲ್ಲಿಗೆ ಸುಮಾರು 40 ಕಿಲೋಮೀಟರು. ಹರಿಗೋಲು, ಚಕ್ಕಡಿಗಳ ಕಾಲದಿಂದ ಬೆಳಗಿನ ಬಸ್ಸಿನ ಕಾಲಕ್ಕೆ ನಾವು ಬಂದಿದ್ದೇವೆ.

ದೂರ ಕಡಿಮೆಯಾಯಿತು. ಹಾಗಾದರೆ ಪಾಠ ಹೇಗೆ ನಡೆಯುತ್ತದೆ? ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ವ್ಯಾಸಂಗ, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು ಕಲಿಯುವ ತರಬೇತಿ. ಮೊದಲ ವರ್ಷ ಶರೀರ ರಚನಾಶಾಸ್ತ್ರ, ಶರೀರ ಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ. ಎಂದರೆ ಆರೋಗ್ಯವಂತ ದೇಹ ಹೇಗಿದೆ, ಹೇಗೆ ಕೆಲಸ ಮಾಡುತ್ತದೆ ಎಂಬುದು. ನಂತರ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ. ಎಂದರೆ ದೇಹ ಹೇಗೆ ಕೆಡುತ್ತದೆ, ಅದನ್ನು ಕೆಡಿಸುವವರು ಯಾರು, ಮದ್ದು ಹೇಗೆ ಕೆಲಸ ಮಾಡುತ್ತದೆ ಎಂಬುದು. ಮುಂದೆ ಸಮುದಾಯ ವೈದ್ಯ, ಕಣ್ಣು, ಕಿವಿ ಮೂಗು ಗಂಟಲು, ಆಮೇಲೆ ವೈದ್ಯಶಾಸ್ತ್ರ, ಶಸ್ತ್ರಚಿಕಿತ್ಸೆ, ಹೆರಿಗೆ ಮತ್ತು ಸ್ತ್ರೀರೋಗ, ಮಕ್ಕಳ ರೋಗ.

ವಿದ್ಯಾರ್ಥಿಯ ಮೊದಲ ಗುರು ಮಾತನಾಡುವುದಿಲ್ಲ. ಶರೀರ ರಚನೆಯ ಕೋಣೆಯಲ್ಲಿ ಮೇಜಿನ ಮೇಲೆ ಮಲಗಿರುವ ದೇಹವೇ ಆ ಗುರು. ಯಾರೋ ಪುಣ್ಯಾತ್ಮರು ತಮ್ಮ ಮರಣಾನಂತರ ದೇಹವನ್ನು ದಾನ ಮಾಡಿರುತ್ತಾರೆ. ಅದನ್ನು ಗೌರವದಿಂದ ಮುಟ್ಟಬೇಕೆಂದು ಮೊದಲ ದಿನವೇ ಹೇಳಿಕೊಡುತ್ತಾರೆ.

ಎರಡನೆಯ ಗುರು ಮಾತನಾಡುತ್ತಾನೆ. ಅವನೇ ರೋಗಿ. ರೋಗಿಯ ಹಾಸಿಗೆಯ ಬಳಿ ನಿಂತು ಕಲಿಸುವ ಪದ್ಧತಿಯನ್ನು ಹದಿನೆಂಟನೆಯ ಶತಮಾನದಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದ ಬೂರ್ಹಾವ ಪ್ರಸಿದ್ಧಿಗೆ ತಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ಅದನ್ನೇ ವ್ಯಾಸಂಗದ ಕೇಂದ್ರವನ್ನಾಗಿ ಮಾಡಿದರು. ಇಂದಿಗೂ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿ ಮಾಡುವ ಮೊದಲ ಕೆಲಸ ರೋಗಿಯ ವೃತ್ತಾಂತ ಕೇಳಿ ಬರೆಯುವುದು. ಏನಾಗುತ್ತಿದೆ? ಯಾವಾಗಿನಿಂದ? ಹೇಗೆ ಪ್ರಾರಂಭವಾಯಿತು? ಬಹುಪಾಲು ರೋಗಗಳ ಸುಳಿವು ಇಲ್ಲಿಯೇ ಸಿಗುತ್ತದೆ. ಯಂತ್ರಗಳ ಸರದಿ ಆಮೇಲೆ.

ಇಲ್ಲಿ ನನ್ನ ಜೀವನದ ಒಂದು ಘಟನೆಯನ್ನು ಹೇಳಬೇಕು. ಹೇಳಲು ಸಂಕೋಚವಿದೆ. ಆದರೂ ಹೇಳುತ್ತೇನೆ.

ನಾನು ಜೇವರ್ಗಿ ತಾಲ್ಲೂಕಿನ ಹಳ್ಳಿಯವನು. ಕಾಲೇಜು ಸೇರಿದ ಹೊಸತರಲ್ಲಿ ನನ್ನ ಮಾತು ಕೇಳಿ ಕೆಲವು ಸಹಪಾಠಿಗಳು ನಗುತ್ತಿದ್ದರು. "ಏನ್ರಿ", "ಬರ್ಲತ್ತೀನಿ", "ಹೋಗ್ಲತ್ತೀನಿ" ಎಂದು ನನ್ನನ್ನು ಅಣಕಿಸುತ್ತಿದ್ದರು. ಆದ್ದರಿಂದ ನಾನು ಕಷ್ಟಪಟ್ಟು ಪುಸ್ತಕದ ಕನ್ನಡವನ್ನೂ ಇಂಗ್ಲಿಷನ್ನೂ ರೂಢಿಸಿಕೊಂಡೆ. ನನ್ನ ಊರಿನ ಮಾತನ್ನು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಡುವ ಹಾಗೆ ಮುಚ್ಚಿಟ್ಟೆ.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ಅಫಜಲಪುರ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಇಪ್ಪತ್ತು ವರ್ಷದ ಒಳಗಿನವಳು. ಜೊತೆಯಲ್ಲಿ ಅತ್ತೆ. ಆಕೆಯನ್ನು ನೋಡಿದವನು ನನ್ನ ಜೊತೆಯ ಇನ್ನೊಬ್ಬ ಹೌಸ್ ಸರ್ಜನ್. ಹೊರರಾಜ್ಯದವನು, ಬುದ್ಧಿವಂತ, ಒಳ್ಳೆಯ ಮನುಷ್ಯ. ಕನ್ನಡವನ್ನೂ ಅಷ್ಟಿಷ್ಟು ಕಲಿತಿದ್ದ. ಅತ್ತೆ ಹೇಳಿದಳು, "ಸಾಹೇಬ್ರ, ಮುಂಜಾನಿಂದ ಹೊಟ್ಟಿ ಭಾಳ ಬ್ಯಾನಿ ಆಗ್ಲತ್ತದ್ರಿ. ಹೊರಗಾಗಿ ಎರಡ್ ತಿಂಗಳಾತ್ರಿ."

ಆಸ್ಪತ್ರೆಗೆ ಬರುವ ಜನ ಮಲವಿಸರ್ಜನೆಗೆ "ಹೊರಕಡಿಗಿ" ಎನ್ನುತ್ತಾರೆಂದು ನನ್ನ ಗೆಳೆಯ ಕಲಿತಿದ್ದ. ಈಕೆಗೆ ಹೊರಕಡೆ ಆಗುತ್ತಿಲ್ಲ, ಎರಡು ತಿಂಗಳು ಎಂಬುದು ಹಳ್ಳಿಯವರ ಉತ್ಪ್ರೇಕ್ಷೆ ಎಂದು ಅವನು ತಿಳಿದ. ಮಲಬದ್ಧತೆ ಎಂದು ಬರೆದು ಎನಿಮಾ ಕೊಡಲು ಹೇಳಿದ.

ಪಕ್ಕದ ಹಾಸಿಗೆಯ ಬಳಿ ನಾನು ಬರೆಯುತ್ತ ನಿಂತಿದ್ದೆ. ಆ ಮಾತು ನನ್ನ ಕಿವಿಗೆ ಬಿತ್ತು. "ಹೊರಗಾಗುವುದು" ಎಂದರೆ ಮುಟ್ಟಾಗುವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯ ಮಾತೇ ಅದು. ಮುಟ್ಟಾಗಿ ಎರಡು ತಿಂಗಳಾಗಿದ್ದರೆ, ಹೊಟ್ಟೆನೋವಿದ್ದರೆ, ವೈದ್ಯನು ಮೊದಲು ಯೋಚಿಸಬೇಕಾದ್ದು ಗರ್ಭದ ವಿಚಾರ. ಇದು ನಾನು ಪರೀಕ್ಷೆಯಲ್ಲಿ ಬರೆದ ಉತ್ತರ. ಆದರೂ ನಾನು ಬಾಯಿ ತೆರೆಯಲಿಲ್ಲ. ಎಲ್ಲರ ಎದುರಿಗೆ ಆ ಹಳ್ಳಿಯ ಮಾತನ್ನು ಬಿಡಿಸಿ ಹೇಳಲು ನಾಚಿಕೆಯಾಯಿತು. "ನಿನಗೆ ಇದೆಲ್ಲ ಹೇಗೆ ಗೊತ್ತು" ಎಂದು ನಕ್ಕರೆ ಎಂಬ ಅಳುಕು.

ಅಷ್ಟರಲ್ಲಿ ವಾರ್ಡಿನ ಹಿರಿಯ ಸಿಸ್ಟರ್ ಎನಿಮಾ ಕ್ಯಾನನ್ನು ಕೆಳಗಿಟ್ಟು ಹೇಳಿದರು, "ಡಾಕ್ಟ್ರೇ, ಹೊರಕಡಿ ಅಲ್ರಿ. ಹೊರಗಾಗೋದು. ಮುಟ್ಟು ನಿಂತಾದ ಅಂತ ಹೇಳ್ಲತ್ತಾಳ." ಆಮೇಲೆ ಅವರೇ ಆ ಹುಡುಗಿಯ ಕಣ್ಣಿನ ರೆಪ್ಪೆ ಇಳಿಸಿ ತೋರಿಸಿದರು. ಬಿಳಿಚಿಕೊಂಡಿತ್ತು. ನಾಡಿ ವೇಗವಾಗಿತ್ತು. "ಭುಜದಾಗೂ ನೋವಾಗ್ಲತ್ತದೇನವ್ವಾ?" ಎಂದು ಕೇಳಿದರು. ಹೌದೆಂದು ಆಕೆ ತಲೆಯಾಡಿಸಿದಳು. ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತು, ನಾಳ ಒಡೆದು, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಆ ರಕ್ತ ವಪೆಯನ್ನು ಮುಟ್ಟಿದಾಗ ನೋವು ಭುಜದಲ್ಲಿ ಕಾಣಿಸುತ್ತದೆ. ಹಿರಿಯ ವೈದ್ಯರು ಓಡಿ ಬಂದರು. ರಕ್ತ ಕೊಟ್ಟು ಅದೇ ರಾತ್ರಿ ಶಸ್ತ್ರಕ್ರಿಯೆ ಮಾಡಿದರು. ಹುಡುಗಿ ಬದುಕಿದಳು.

ತಪ್ಪು ಮಾಡಿದವನು ನನ್ನ ಗೆಳೆಯ ಎಂದು ನೀವು ಹೇಳಬಹುದು. ಅವನಿಗೆ ಆ ಮಾತು ಗೊತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವನು ನಾನು. ಆ ಹಿರಿಯ ಸಿಸ್ಟರ್ ಆ ರಾತ್ರಿ ರಜೆಯ ಮೇಲಿದ್ದರೆ ಏನಾಗುತ್ತಿತ್ತು ಎಂದು ಇಂದಿಗೂ ಯೋಚಿಸುತ್ತೇನೆ. ನಾನು ಬಾಯಿ ತೆರೆಯುತ್ತಿದ್ದೆನೇ? ತೆರೆಯುತ್ತಿದ್ದೆ ಎಂದು ನಂಬಲು ಇಷ್ಟ. ಖಚಿತವಾಗಿ ಹೇಳಲಾರೆ.

ಮರುದಿನದಿಂದ ನಾನೊಂದು ಕೆಲಸ ಮಾಡಿದೆ. ಒಂದು ನೋಟುಬುಕ್ಕಿನಲ್ಲಿ ನಮ್ಮ ಜನ ರೋಗಗಳ ಬಗ್ಗೆ ಆಡುವ ಮಾತುಗಳನ್ನು ಬರೆದು, ಎದುರಿಗೆ ಅರ್ಥ ಬರೆದು ಗೆಳೆಯನಿಗೆ ಕೊಟ್ಟೆ. "ದಿನ ತುಂಬ್ಯಾವ" ಎಂದರೆ ಹೆರಿಗೆಯ ಕಾಲ ಸಮೀಪಿಸಿದೆ. "ಜ್ವರ ಬಂದಾವ" ಎಂದು ಬಹುವಚನದಲ್ಲಿ ಹೇಳಿದರೂ ಜ್ವರ ಒಂದೇ. "ಬ್ಯಾನಿ" ಎಂದರೆ ಯಾವ ನೋವೂ ಆಗಬಹುದು, ಬಸುರಿಗಾದರೆ ಹೆರಿಗೆ ನೋವೂ ಆಗಬಹುದು. "ಜೀವ ಚಡಪಡಿಸ್ತದ" ಎಂದು ವಯಸ್ಸಾದವರು ಎದೆಯ ಮೇಲೆ ಕೈಯಿಟ್ಟು ಹೇಳಿದರೆ ಹಗುರವಾಗಿ ತೆಗೆದುಕೊಳ್ಳಬಾರದು, ಹೃದಯವನ್ನು ನೋಡಬೇಕು. ಆ ನೋಟುಬುಕ್ಕು ಕೈಯಿಂದ ಕೈಗೆ ಹೋಗಿ ಹರಿಯುವವರೆಗೂ ಉಪಯೋಗವಾಯಿತು. ನನ್ನನ್ನು ಅಣಕಿಸಿದವರೇ ಬಂದು ಅರ್ಥ ಕೇಳಿದರು.

ಮಿತ್ರರೇ, ಈಗ ಮೊದಲಿನ ಪ್ರಶ್ನೆಗೆ ಬರೋಣ. ವೈದ್ಯಕೀಯ ಶಾಲೆಯಲ್ಲಿ ಮೂರು ಭಾಷೆಗಳಿರುತ್ತವೆ. ಒಂದು ಪುಸ್ತಕದ ಭಾಷೆ. ಅದು ಒಮ್ಮೆ ಉರ್ದುವಾಗಿತ್ತು, ಇಂದು ಇಂಗ್ಲಿಷ್ ಆಗಿದೆ. ಎರಡನೆಯದು ಗುರುವಿನ ಭಾಷೆ. ಮೂರನೆಯದು ರೋಗಿಯ ಭಾಷೆ. ಪುಸ್ತಕದ ಭಾಷೆಯನ್ನು ಶ್ರಮಪಟ್ಟರೆ ಒಂದೆರಡು ವರ್ಷಗಳಲ್ಲಿ ಯಾರಾದರೂ ಕಲಿಯಬಹುದು. ಹೈದರಾಬಾದಿಗೆ ಹೋದ ಕನ್ನಡಿಗರು ಉರ್ದು ಕಲಿಯಲಿಲ್ಲವೇ? ರೋಗಿಯ ಭಾಷೆ ಮಾತ್ರ ನಿಮಗೆ ತಾಯಿಯ ಹಾಲಿನೊಡನೆ ಬಂದಿದೆ. ನೀವು ಕೊರತೆ ಎಂದು ತಿಳಿದಿರುವುದು ನಿಮ್ಮ ಕೈಯಲ್ಲಿರುವ ಸಾಧನ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. 2019ರಿಂದ ದೇಶದಲ್ಲಿ ಜಾರಿಗೆ ಬಂದ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ, ಮೊದಲ ವರ್ಷದ ಆರಂಭದ ಬುನಾದಿ ತರಬೇತಿಯಲ್ಲೇ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. ರೋಗಿಯೊಡನೆ ಮಾತನಾಡುವ ರೀತಿಯನ್ನು ಪಾಠವಾಗಿ ಕಲಿಸುತ್ತಾರೆ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ಜವಾಬ್ದಾರಿ ವಹಿಸಿಕೊಂಡು ಅವರ ಮನೆಗಳಿಗೆ ಹೋಗಬೇಕು. ಪ್ರವೇಶ ಪರೀಕ್ಷೆಯಾದ ನೀಟ್ ಅನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಸಂವಿಧಾನದ 371ಜೆ ವಿಧಿಯ ಅನ್ವಯ 2013ರಿಂದ ನಮ್ಮ ಭಾಗದ ಕಾಲೇಜುಗಳ ಸೀಟುಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಉಳಿದ ಕಡೆ ಶೇಕಡಾ 8ರಷ್ಟು ಈ ಪ್ರದೇಶದ ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ಬಾಗಿಲು ತೆರೆದಿದೆ. ಆದರೆ ಒಳಗೆ ಹೋಗಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಗಟ್ಟಿಯಾಗಿ ಓದಬೇಕು. ಇಂಗ್ಲಿಷನ್ನೂ ಇಂದಿನಿಂದಲೇ ಕಲಿಯಬೇಕು. ಊರಿನ ಮಾತು ಬಂದರೆ ಸಾಕು, ಪುಸ್ತಕ ಬೇಡ ಎಂದು ನಾನು ಹೇಳುತ್ತಿಲ್ಲ. ಆ ರಾತ್ರಿ ಹುಡುಗಿಯನ್ನು ಬದುಕಿಸಿದ್ದು ಒಂದು ಮಾತು ಮತ್ತು ಒಂದು ಶಸ್ತ್ರಕ್ರಿಯೆ, ಎರಡೂ ಸೇರಿ.

ವಿಜ್ಞಾನವನ್ನೂ ಊರ ಮಾತನ್ನೂ ಕೂಡಿಸಿದವರು ಕನ್ನಡದಲ್ಲಿ ಇದ್ದಾರೆ. ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಪುಸ್ತಕವನ್ನು ಮನೆಮನೆಯಲ್ಲಿ ಓದಿದರು. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಡಿ. ಎಸ್. ಶಿವಪ್ಪನವರು ವೈದ್ಯಕೀಯ ಪದಗಳಿಗೆ ಕನ್ನಡದ ರೂಪ ಕೊಡಲು ವರ್ಷಗಟ್ಟಲೆ ದುಡಿದರು. ನಿಮ್ಮ ಗ್ರಂಥಾಲಯದಲ್ಲಿ ಇವರ ಪುಸ್ತಕಗಳಿದ್ದರೆ ತೆಗೆದು ಓದಿ.

ನೀವೆಲ್ಲರೂ ವೈದ್ಯರಾಗಬೇಕಾಗಿಲ್ಲ. ನನ್ನ ಕಥೆಯಲ್ಲಿ ರೋಗವನ್ನು ಮೊದಲು ಗುರುತಿಸಿದವರು ವೈದ್ಯರಲ್ಲ, ನರ್ಸ್ ಎಂಬುದನ್ನು ಮರೆಯಬೇಡಿ. ಪ್ರಯೋಗಾಲಯದ ತಂತ್ರಜ್ಞರು, ಔಷಧ ವಿತರಕರು, ಆಶಾ ಕಾರ್ಯಕರ್ತೆಯರು ಇವರೆಲ್ಲ ಆಸ್ಪತ್ರೆಗೂ ಊರಿಗೂ ನಡುವೆ ನಿಂತು ಕೆಲಸ ಮಾಡುವವರು.

ಕೊನೆಯದಾಗಿ ನಿಮಗೊಂದು ಮನೆಗೆಲಸ ಕೊಡುತ್ತೇನೆ. ಇಂದು ಸಂಜೆ ನಿಮ್ಮ ಅಜ್ಜಿಯ ಬಳಿ ಕುಳಿತು ಕೇಳಿ. ತಲೆನೋವಿನಲ್ಲಿ ಎಷ್ಟು ಬಗೆ? ಹೊಟ್ಟೆನೋವಿಗೆ ಎಷ್ಟು ಹೆಸರು? ಮಗುವಿಗೆ ಮೈ ಸರಿಯಿಲ್ಲ ಎಂಬುದನ್ನು ಆಕೆ ಯಾವ ಯಾವ ಮಾತಿನಲ್ಲಿ ಹೇಳುತ್ತಾಳೆ? ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಯಾವ ಮಾತನ್ನೂ ಹಳ್ಳಿಯದೆಂದು ಬಿಡಬೇಡಿ. ಮುಂದೆ ನಿಮ್ಮಲ್ಲೊಬ್ಬರು ಕಲಬುರಗಿಯ ಯಾವುದೋ ಆಸ್ಪತ್ರೆಯ ವಾರ್ಡಿನಲ್ಲಿ ಬಿಳಿ ಕೋಟು ತೊಟ್ಟು ನಿಂತಿರುವಾಗ, ಆಳಂದದ ಮುದುಕನೋ ಅಫಜಲಪುರದ ತಾಯಿಯೋ ತಮ್ಮ ಮಾತಿನಲ್ಲಿ ಕಷ್ಟ ಹೇಳಿಕೊಂಡಾಗ, ಆ ನೋಟುಬುಕ್ಕು ನೆನಪಿಗೆ ಬರುತ್ತದೆ. ಆಗ ನಾಚಿಕೆ ಪಡಬೇಡಿ. ನನ್ನಂತೆ ಸುಮ್ಮನಿರಬೇಡಿ.